ಸಂಶೋಧನಾ ವಿದ್ಯಾರ್ಥಿಯನ್ನು ತರಗತಿಗೆ ಅಣಿಗೊಳಿಸುವುದು ಹೇಗೆ?

ಮಳೆಗಾಲದೊಂದಿಗೆ ಮುಂಬಯಿಯ ಕಾಲೇಜುಗಳೂ ತೆರೆದುಕೊಳ್ಳುವ ಹೊತ್ತಿಗೆ, ಹಿಂದಿನ ವರ್ಷವಷ್ಟೇ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದ ಯಾರನ್ನಾದರೂ ಕರೆದು, ‘ಸೋಮವಾರದಿಂದ ಪ್ರಾಕ್ಟಿಕಲ್ ನೀವೇ ನೋಡಿಕೊಳ್ಳಿ’ ಎಂದು ಹಾಜರಿ ಪುಸ್ತಕವನ್ನು ಕೈಗಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ವಿಷಯ ಗೊತ್ತಿದ್ದವನಿಗೆ ಕಲಿಸುವುದೂ ಬರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಶಾಲೆಯಲ್ಲಿ ಪಾಠ ಹೇಳಲು ಬಿ.ಎಡ್. ಕೇಳುವ ನಾವು, ಪದವಿ ತರಗತಿಗೆ ಹೋಗುವವರಿಂದ ಅಂಥದ್ದೇನನ್ನೂ ಕೇಳುವುದಿಲ್ಲ ಎಂಬುದು ವಿಚಿತ್ರವೇ ಸರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯು ಎಲ್ಲ ವಿಷಯಗಳ ಸಂಶೋಧನಾರ್ಥಿಗಳಿಗೂ ಬೋಧನೆಯ ತರಬೇತಿ ಬೇಕೆಂದು ಹೇಳಿದೆ; ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನದ ಕೆಲಸ ವಹಿಸಲು ಅವಕಾಶವನ್ನೂ ಕೊಟ್ಟಿದೆ. ವಿಭಾಗದ ಒಬ್ಬಿಬ್ಬರು ಅಧ್ಯಾಪಕರು ಮನಸ್ಸು ಮಾಡಿದರೆ ಆ ತರಬೇತಿಯನ್ನು ಹೀಗೆ ನಡೆಸಬಹುದು.

ಮೊದಲು ಕೆಲಸದ ಎಲ್ಲೆಯನ್ನು ಒಂದು ಪುಟದಲ್ಲಿ ಬರೆದುಕೊಡಬೇಕು. ಯಾವ ಬ್ಯಾಚು, ವಾರಕ್ಕೆ ಎಷ್ಟು ಗಂಟೆ, ಉತ್ತರಪತ್ರಿಕೆ ತಿದ್ದುವ ಹೊತ್ತು ಅದರಲ್ಲಿ ಸೇರಿದೆಯೇ, ವಿದ್ಯಾರ್ಥಿಗಳು ಪ್ರಯೋಗಗಳನ್ನು ಬರೆದಿಡುವ ಜರ್ನಲ್‌ಗೆ ಸಹಿ ಹಾಕುವವರು ಯಾರು, ಇಂಟರ್ನಲ್ ಅಂಕದ ಬಗ್ಗೆ ತಕರಾರು ಬಂದರೆ ಯಾರ ಬಳಿಗೆ ಕಳಿಸಬೇಕು, ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದಾದ ದಿನ ತಪ್ಪಿದ ಪ್ರಯೋಗವನ್ನು ಎಂದು ಮಾಡಿಸಬೇಕು ಎಂಬುದೆಲ್ಲ ಅದರಲ್ಲಿರಲಿ. ಪ್ರಯೋಗಾಲಯದ ಮಾಮಾ (ಅಟೆಂಡರ್) ಅವರಿಗೆ ಹೊಸಬರ ಪರಿಚಯ ಮಾಡಿಸುವುದನ್ನೂ ಮರೆಯಬಾರದು. ಯಾವ ತಕ್ಕಡಿ ಸರಿಯಿಲ್ಲ ಎಂಬುದು ಅನೇಕ ಸಲ ಅವರೊಬ್ಬರಿಗೇ ಗೊತ್ತಿರುತ್ತದೆ.

ಎರಡನೆಯದಾಗಿ, ಬೋಧನಾ ಸಹಾಯಕರಾಗುವ ಈ ಸಂಶೋಧನಾರ್ಥಿಗಳನ್ನು ಅನುಭವಿ ಅಧ್ಯಾಪಕರ ಎರಡು ತರಗತಿಗಳಲ್ಲಿ ಕೊನೆಯ ಬೆಂಚಿನಲ್ಲಿ ಕೂರಿಸಬೇಕು. ಅವರು ನೋಡಬೇಕಾದದ್ದು ಅಧ್ಯಾಪಕರನ್ನಲ್ಲ, ವಿದ್ಯಾರ್ಥಿಗಳನ್ನು. ಯಾವ ಹಂತದಲ್ಲಿ ಪೆನ್ನುಗಳು ನಿಂತವು, ಎಲ್ಲಿ ಪಕ್ಕದವನ ಪುಸ್ತಕದಿಂದ ನಕಲು ಶುರುವಾಯಿತು ಎಂಬುದನ್ನು ಗುರುತು ಹಾಕಿಕೊಂಡು ಬರಲಿ.

ಆಮೇಲೆ ಸೂಕ್ಷ್ಮ ಬೋಧನೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಅಭ್ಯಾಸ ನಮ್ಮ ಬಿ.ಎಡ್. ಕಾಲೇಜುಗಳಲ್ಲಿ ಹಳೆಯದಾದರೂ ವಿಶ್ವವಿದ್ಯಾಲಯದ ವಿಭಾಗಗಳಿಗೆ ಇನ್ನೂ ಹೊಸತು. ಒಬ್ಬೊಬ್ಬರೂ ಒಂದೇ ಒಂದು ಸಂಗತಿಯನ್ನು ಏಳು ನಿಮಿಷದಲ್ಲಿ, ಐದಾರು ಜೊತೆಗಾರರ ಮುಂದೆ ಕಲಿಸಬೇಕು; ಮೊಬೈಲಿನಲ್ಲಿ ಅದನ್ನು ಚಿತ್ರಿಸಿಕೊಂಡು, ತಾವೇ ಮೊದಲು ನೋಡಿ, ಮರುದಿನ ಅದನ್ನೇ ಇನ್ನೊಮ್ಮೆ ಕಲಿಸಬೇಕು. ಈ ಎರಡನೆಯ ಸಲವೇ ಮುಖ್ಯ. ಸಮಯವಿಲ್ಲವೆಂದು ಅದನ್ನು ಬಿಟ್ಟರೆ ಮೊದಲನೆಯದೂ ವ್ಯರ್ಥ.

ಇಲ್ಲಿ ವಿಶೇಷವಾಗಿ ತಿದ್ದಬೇಕಾದದ್ದು ಪ್ರಶ್ನೆ ಕೇಳುವ ರೀತಿಯನ್ನು. ಮರಾಠಿಯಲ್ಲಿ ‘ಸಮಜ್ಲಂ ಕಾ?’ (ಅರ್ಥವಾಯಿತೇ?) ಎಂದರೆ ಇಡೀ ತರಗತಿ ‘ಹೋ’ (ಹೌದು) ಎನ್ನುತ್ತದೆ, ಅಷ್ಟಕ್ಕೆ ಮುಗಿಯಿತು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾದು ತಾವೇ ಮಾತು ಮುಂದುವರಿಸುತ್ತಾರೆ ಎಂದೂ, ಆ ಕಾಯುವಿಕೆ 3 ಸೆಕೆಂಡು ದಾಟಿದರೆ ಉತ್ತರಗಳು ದೀರ್ಘವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದೂ ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ತೋರಿಸಿಕೊಟ್ಟಿದ್ದಾರೆ. ಮೂರು ಸೆಕೆಂಡು ಕೇಳಲು ಅಲ್ಪವೆನಿಸಿದರೂ ಹಲಗೆಯ ಮುಂದೆ ನಿಂತವರಿಗೆ ಅದು ಯುಗ. ನನ್ನ ಮೊದಲ ಟ್ಯುಟೋರಿಯಲ್‌ನಲ್ಲಿ ಆ ಮೌನಕ್ಕೆ ಹೆದರಿ ನಲವತ್ತು ನಿಮಿಷ ನಾನೊಬ್ಬನೇ ಲೆಕ್ಕ ಬಿಡಿಸಿ, ತರಗತಿ ಚೆನ್ನಾಗಿ ನಡೆಯಿತೆಂದು ಸಂತೋಷಪಟ್ಟು ಹೊರಬಂದಿದ್ದೆ.

ಪ್ರಯೋಗಾಲಯದ ತರಬೇತಿಯನ್ನು ಪ್ರಯೋಗಾಲಯದಲ್ಲೇ ಕೊಡಬೇಕು. ಉದಾಹರಣೆಗೆ ಆಮ್ಲ-ಕ್ಷಾರದ ಟೈಟ್ರೇಶನ್ ನಡೆದಿದೆಯೆನ್ನಿ. ಬ್ಯುರೆಟ್ಟಿನಲ್ಲಿ, ಅಂದರೆ ಅಳತೆಯ ಗುರುತುಗಳಿರುವ ನಲ್ಲಿಯುಳ್ಳ ಗಾಜಿನ ಕೊಳವೆಯಲ್ಲಿ, ಕ್ಷಾರ; ಫ್ಲಾಸ್ಕಿನಲ್ಲಿ ಬಣ್ಣ ತಿರುಗಿ ಸೂಚನೆ ಕೊಡುವ ಫಿನಾಲ್ಫ್ಥಲೀನ್ ಎರಡು ಹನಿ ಬಿದ್ದ ಆಮ್ಲ. ತಿಳಿಗುಲಾಬಿ ಬಣ್ಣ ಮೂಡಿ ನಿಲ್ಲುವಲ್ಲಿ ನಿಲ್ಲಿಸಬೇಕಾದ ಹುಡುಗಿ ಗಾಢ ಗುಲಾಬಿಯವರೆಗೆ ಬಿಟ್ಟುಬಿಟ್ಟಿದ್ದಾಳೆ. ಹೊಸ ಸಹಾಯಕರು ಕೂಡಲೇ ‘ಸರಿ, ಇಲ್ಲಿ ನೋಡು’ ಎಂದು ಬ್ಯುರೆಟ್ಟಿನ ನಲ್ಲಿಗೆ ತಾವೇ ಕೈಹಾಕುತ್ತಾರೆ. ರೀಡಿಂಗ್ ಸರಿಯಾಗಿ ಬರುತ್ತದೆ, ಹುಡುಗಿ ಏನನ್ನೂ ಕಲಿತಿರುವುದಿಲ್ಲ. ಆದ್ದರಿಂದ ಮೊದಲ ಎರಡು ವಾರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡಬೇಕೆಂಬ ಕಟ್ಟಳೆಯನ್ನು ಹಾಕುವುದು ಒಳ್ಳೆಯದು. ‘ಕಳೆದ ಸಲ ಬಣ್ಣ ತಿರುಗಿದ್ದು ಎಷ್ಟಕ್ಕೆ?’ ಎಂದು ಕೇಳಲಿ. ‘10.2 ಮಿ.ಲೀ.’ ಎಂದಳೆನ್ನಿ. ‘ಹಾಗಾದರೆ ಈ ಸಲ ಎಲ್ಲಿಂದ ಹನಿಹನಿಯಾಗಿ ಬಿಡುತ್ತೀ?’ ಎಂದು ಕೇಳಿ ಸುಮ್ಮನಿರಲಿ. ಬಣ್ಣವಿಲ್ಲದ ದ್ರಾವಣದ ಮಟ್ಟವನ್ನು ಅದರ ಬಾಗಿದ ಮೇಲ್ಮೈಯ ತಳದಲ್ಲಿ ಓದುವ ನಾವು ಗಾಢ ಬಣ್ಣದ ಪರ್ಮಾಂಗನೇಟಿನದನ್ನು ಮೇಲಂಚಿನಲ್ಲಿ ಏಕೆ ಓದುತ್ತೇವೆ ಎಂಬಂಥ ಪ್ರಶ್ನೆಗಳಿಗೂ ಸಹಾಯಕರು ಮೊದಲೇ ಉತ್ತರ ಹುಡುಕಿಟ್ಟುಕೊಂಡಿರಬೇಕು.

ಭಾಷೆಯ ಮಾತು ಬೇರೆ. ಕಲಬುರಗಿಯಿಂದಲೋ ಉಡುಪಿಯಿಂದಲೋ ಬಂದು, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮವರು ಇಲ್ಲಿನ ತರಗತಿಯಲ್ಲಿ ಇಂಗ್ಲಿಷಿಗೆ ಅಳುಕಿ, ಬಾಯಿಪಾಠ ಮಾಡಿಕೊಂಡದ್ದನ್ನು ಒಂದೇ ಉಸಿರಿಗೆ ಒಪ್ಪಿಸಿಬಿಡುವುದುಂಟು. ಎದುರಿಗಿರುವ ಮರಾಠಿ, ಗುಜರಾತಿ ಮಕ್ಕಳಲ್ಲೂ ಅದೇ ಅಳುಕಿದೆ ಎಂದು ಅವರಿಗೆ ತಿಳಿಸಿಹೇಳಬೇಕು. ಪಾರಿಭಾಷಿಕ ಪದಗಳನ್ನು ಮೊದಲು ಹಲಗೆಯ ಮೇಲೆ ಬರೆದಿಟ್ಟು, ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಹೇಳಿದರೆ ಸಾಕು.

ಅಂಕ ಕೊಡುವುದನ್ನು ಕಲಿಸಲು ಐದು ಉತ್ತರಪತ್ರಿಕೆಗಳ ಹೆಸರು ಮರೆಮಾಡಿ, ಝೆರಾಕ್ಸ್ ತೆಗೆದು ಎಲ್ಲರಿಗೂ ಹಂಚಿ, ಯಾರೂ ಯಾರನ್ನೂ ಕೇಳದೆ ತಿದ್ದಿ ತರಲು ಹೇಳಬೇಕು. ಒಂದೇ ಉತ್ತರಕ್ಕೆ ಒಬ್ಬರು ಹತ್ತಕ್ಕೆ ನಾಲ್ಕು, ಇನ್ನೊಬ್ಬರು ಎಂಟು ಕೊಟ್ಟಿದ್ದರೆ ಆಶ್ಚರ್ಯಪಡಬೇಕಿಲ್ಲ. ಸೂತ್ರಕ್ಕೆಷ್ಟು, ಹಂತಗಳಿಗೆಷ್ಟು, ಅಳತೆಯ ಏಕಮಾನ ಬರೆಯದಿದ್ದರೆ ಎಷ್ಟು ಕಡಿತ ಎಂಬುದನ್ನು ಆ ಜಗಳದ ನಡುವೆಯೇ ಗೊತ್ತುಮಾಡಿಕೊಳ್ಳಬೇಕು. ಒಬ್ಬರ ಇಡೀ ಪತ್ರಿಕೆಯನ್ನು ಮುಗಿಸಿ ಮುಂದಿನದಕ್ಕೆ ಹೋಗುವ ಬದಲು, ಎಲ್ಲರ ಮೊದಲ ಪ್ರಶ್ನೆಯನ್ನು ತಿದ್ದಿದ ಮೇಲೆ ಎರಡನೆಯದಕ್ಕೆ ಹೋದರೆ ಅಳತೆ ಒಂದೇ ಸಮನಾಗಿರುತ್ತದೆ.

ಗಣೇಶ ಚತುರ್ಥಿಯ ರಜೆಗೆ ಮುಂಚೆ ವಿದ್ಯಾರ್ಥಿಗಳಿಂದ ಹೆಸರಿಲ್ಲದ ಚೀಟಿಗಳನ್ನು ಬರೆಸಿ, ಅವನ್ನು ಸಹಾಯಕರೂ ಅಧ್ಯಾಪಕರೂ ಒಟ್ಟಿಗೆ ಕೂತು ಓದಬೇಕು. ಯಾವ ಪ್ರಯೋಗದಲ್ಲಿ, ಯಾವ ಲೆಕ್ಕದಲ್ಲಿ ಮಕ್ಕಳು ಏನು ತಪ್ಪು ಮಾಡಿದರು ಎಂಬುದನ್ನು ಸಹಾಯಕರು ವಾರವಾರವೂ ಒಂದು ವಹಿಯಲ್ಲಿ ಬರೆದಿಟ್ಟು, ದೀಪಾವಳಿಗೆ ಊರಿಗೆ ಹೊರಡುವ ಮುನ್ನ ಅದನ್ನು ವಿಭಾಗದ ಕಪಾಟಿನಲ್ಲಿಟ್ಟು ಹೋಗಲಿ. ಮುಂದಿನ ಮಳೆಗಾಲಕ್ಕೆ ಬರುವವರ ಕೈಗೆ ಹಾಜರಿ ಪುಸ್ತಕಕ್ಕಿಂತ ಮೊದಲು ಅದನ್ನು ಕೊಡಬಹುದು.