ಗಿಂಪಲ್ಲಿ ತೇಗದ ಹಲಗೆ: ನಿಜವಾದ ಮರದ ತರ ಕಾಣ್ಬೇಕಂದ್ರೆ

ಗಿಂಪ್ ಅನ್ನೋ ಚಿತ್ರ ಮಾಡೋ, ತಿದ್ದೋ ಸಾಫ್ಟ್‌ವೇರ್ ಓಪನ್ ಮಾಡೋಕ್ ಮುಂಚೆ ಮನೇಲಿ ಹಳೇ ತೇಗದ ಬಾಗಿಲೋ ಮೇಜೋ ಇದ್ರೆ ಹತ್ರ ಹೋಗಿ ನೋಡಿ. ನಮ್ಮನೆ ಹಿತ್ತಲ ಬಾಗಿಲಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡ್ದಾಗ್ಲೇ ನಂಗೆ ಗೊತ್ತಾಗಿದ್ದು, ಗಾಢ ಗೆರೆ ಎರಡೂ ಕಡೆ ಒಂದೇ ತರ ಇರಲ್ಲ, ಒಂದು ಕಡೆಯಿಂದ ನಿಧಾನಕ್ಕೆ ಕಪ್ಪಾಗ್ತಾ ಬರತ್ತೆ, ಇನ್ನೊಂದು ಕಡೆ ಟಕ್ ಅಂತ ನಿಂತ್ಬಿಡತ್ತೆ. ಯಾಕಂದ್ರೆ ಮಳೆ ಬಿದ್ದಾಗ ಮರ ಬೇಗ ಬೇಗ ಬೆಳೆಯತ್ತೆ, ಆಮೇಲೆ ನಿಧಾನ ಆಗಿ ಮರ ಗಟ್ಟಿಯಾಗ್ತಾ ಹೋಗತ್ತೆ, ಬೇಸಿಗೇಲಿ ಎಲೆ ಉದುರಿಸಿ ಬೆಳವಣಿಗೆನೇ ನಿಲ್ಲಿಸತ್ತೆ. ಈ ಒಂದು ವಿಷಯ ಬಂದ್ರೆ ಮುಕ್ಕಾಲು ಕೆಲ್ಸ ಆದಂಗೆ.

2048 x 2048 ಸೈಜಲ್ಲಿ ಹೊಸ ಇಮೇಜ್ ತಗೊಳ್ಳಿ. ಪ್ರಿಸಿಶನ್ 16 ಬಿಟ್ಟಿಗೆ ಹಾಕಿ, 8 ಬಿಟ್ಟಲ್ಲಿ 256 ಶೇಡ್ ಅಷ್ಟೇ ಇರೋದ್ರಿಂದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯತ್ತೆ. ಮೆನುವಲ್ಲಿ ಫಿಲ್ಟರ್ಸ್, ರೆಂಡರ್, ನಾಯ್ಸ್, ಅದ್ರಲ್ಲಿ ಸಾಲಿಡ್ ನಾಯ್ಸ್ ಒತ್ತಿ, ಮೋಡದ ತರ ಕಪ್ಪು ಬಿಳಿ ಕಲೆಗಳು ಬರತ್ವೆ. ಎಕ್ಸ್ ಸೈಜ್ 4, ವೈ ಸೈಜ್ 0.5ರ ಹತ್ರ ಇಟ್ರೆ ಆ ಮೋಡಗಳು ಉದ್ದಕ್ಕೆ ಎಳೆದಂಗೆ ಆಗತ್ತೆ. ಒಂದ್ಸಲ ಸ್ಟ್ರೆಚ್ ಕಾಂಟ್ರಾಸ್ಟ್ ಕೊಡಿ.

ಈಗ ಗ್ರೇಡಿಯೆಂಟ್ ಎಡಿಟರಲ್ಲಿ ಹೊಸದೊಂದು ಗ್ರೇಡಿಯೆಂಟ್ (ಒಂದು ಬಣ್ಣದಿಂದ ಇನ್ನೊಂದಕ್ಕೆ ನಿಧಾನಕ್ಕೆ ಬದಲಾಗೋ ಪಟ್ಟಿ) ಮಾಡಿ. ಎಡಕ್ಕೆ ತಿಳಿ ಬಣ್ಣ (ಕೆಂಪು 190, ಹಸಿರು 140, ನೀಲಿ 85), ಬಲಕ್ಕೆ ಸ್ವಲ್ಪ ಗಾಢ (145, 95, 50), ಆಮೇಲೆ ರೆಪ್ಲಿಕೇಟ್ ಸೆಗ್ಮೆಂಟ್ 10 ಸಲ. ಗರಗಸದ ಹಲ್ಲಿನ ತರ ಆಗತ್ತೆ, ನಿಧಾನಕ್ಕೆ ಗಾಢ, ತಟ್ಟನೆ ತಿಳಿ, ನಮ್ಮ ಬಾಗಿಲಲ್ಲಿ ಕಂಡಿದ್ದೂ ಇದೇ. ಕಲರ್ಸ್, ಮ್ಯಾಪ್, ಗ್ರೇಡಿಯೆಂಟ್ ಮ್ಯಾಪ್ ಒತ್ತಿ, ಬೆಟ್ಟದ ಮ್ಯಾಪಲ್ಲಿರೋ ಗೆರೆಗಳ ತರ ಮರದ ಬೆಳವಣಿಗೆ ಬಳೆಗಳು ಎದ್ದು ಬರತ್ವೆ. ಗಿಂಪಲ್ಲೇ ಬರೋ ವುಡ್ ಗ್ರೇಡಿಯೆಂಟ್‌ಗಳಿಗಿಂತ ನೀವೇ ಮಾಡಿದ್ದು ಚೆನ್ನಾಗಿರತ್ತೆ. ಎರಡು ಬಣ್ಣದ ಮಧ್ಯ ಜಾಸ್ತಿ ವ್ಯತ್ಯಾಸ ಮಾತ್ರ ಇಡಬೇಡಿ, ಹುಲಿ ಚರ್ಮ ಆಗ್ಬಿಡತ್ತೆ.

ಗಂಟು ಬೇಕಾ? ಮ್ಯಾಪ್ ಮಾಡೋಕ್ ಮುಂಚೆ ನಾಯ್ಸ್ ಲೇಯರ್ ಮೇಲೆ ದೊಡ್ಡ ಸಾಫ್ಟ್ ಬ್ರಷ್ಷಲ್ಲಿ ಕಡಿಮೆ ಒಪಾಸಿಟೀಲಿ ಒಂದೇ ಜಾಗದಲ್ಲಿ ಮೂರ್ನಾಲ್ಕು ಸಲ ಕಪ್ಪು ಒತ್ತಿ, ಮ್ಯಾಪ್ ಆದ್ಮೇಲೆ ಅಲ್ಲಿ ಸುತ್ತು ಸುತ್ತು ಬಳೆ ಬಂದು ಅಕ್ಕಪಕ್ಕದ ಗೆರೆಗಳು ತಾವೇ ಬಳಸ್ಕೊಂಡು ಹೋಗತ್ವೆ. ಇದನ್ನ ಮೊದಲ ಸಲ ನೋಡ್ದಾಗ ಎಷ್ಟು ಖುಷಿ ಆಯ್ತು ಅಂದ್ರೆ ಅವತ್ತು ಹತ್ತು ಹಲಗೆ ಮಾಡ್ದೆ.

ಇಷ್ಟಕ್ಕೆ ನಿಲ್ಲಿಸಿದ್ರೆ ಪ್ಲಾಸ್ಟಿಕ್ ಸನ್‌ಮೈಕಾ ತರ ಇರತ್ತೆ, ತೇಗಕ್ಕೆ ಜೀವ ಬರೋದು ಅದ್ರ ಸಣ್ಣ ಸಣ್ಣ ರಂಧ್ರಗಳಿಂದ. ಹಲಗೇಲಿ ಅವು ಪುಟ್ಟ ಕಪ್ಪು ಗೀಟುಗಳ ತರ ಕಾಣತ್ವೆ. ಬಿಳಿ ಲೇಯರ್ ಹಾಕಿ, ಹರ್ಲ್ ನಾಯ್ಸ್ 3 ಪರ್ಸೆಂಟ್, ಡೀಸ್ಯಾಚುರೇಟ್, ಲೀನಿಯರ್ ಮೋಶನ್ ಬ್ಲರ್ 90 ಡಿಗ್ರಿ, ಉದ್ದ 30. ಗೀಟು ಮಂಕಾಗತ್ತೆ, ಲೆವೆಲ್ಸಲ್ಲಿ ಎಳೆದು ಗಾಢ ಮಾಡಿ. ಮೋಡ್ ಮಲ್ಟಿಪ್ಲೈ, ಒಪಾಸಿಟಿ 30 ಸುತ್ತ. ಇನ್ನೊಂದು ಬೂದು ಲೇಯರಲ್ಲಿ ನಾಯ್ಸ್ ಹಾಕಿ 150 ಉದ್ದದ ಬ್ಲರ್ ಕೊಟ್ಟು ಸಾಫ್ಟ್ ಲೈಟಲ್ಲಿ ಇಟ್ರೆ ನಾರು ಬರತ್ತೆ.

ಉಬ್ಬು ತಗ್ಗು ಕಾಣೋ ಹಾಗೆ ಮಾಡೋ ಬಂಪ್ ಮ್ಯಾಪ್ ಕೊಡೋದಾದ್ರೆ ಡೆಪ್ತ್ 2 ಸಾಕು. ಲೇಯರ್‌ಗಳನ್ನ ಫ್ಲಾಟನ್ ಮಾಡ್ದೆ (ಒಂದಕ್ಕೇ ಸೇರಿಸ್ದೆ) ಗಿಂಪಿನದೇ ಫೈಲ್ ಆದ ಎಕ್ಸ್‌ಸಿಎಫ್‌ನಲ್ಲೇ ಸೇವ್ ಮಾಡಿ, ಮ್ಯಾಪ್ ಮಾಡ್ದೇ ಇರೋ ನಾಯ್ಸ್ ಲೇಯರಿಂದೂ ಒಂದು ಕಾಪಿ ಇಟ್ಕೊಳ್ಳಿ, ನಾಳೆ ಬೀಟೆ ಮರ ಬೇಕಾದ್ರೆ ಗ್ರೇಡಿಯೆಂಟಲ್ಲಿ ನೇರಳೆ ಛಾಯೆಯ ಕಂದು ಮತ್ತೆ ಕಪ್ಪು ಹಾಕಿ ಅದೇ ನಾಯ್ಸ್ ಮೇಲೆ ಮತ್ತೆ ಮ್ಯಾಪ್ ಮಾಡ್ಬೋದು.