ಊಡ್ನಡಾಟಾ ಟ್ರ್ಯಾಕ್‌ನಲ್ಲಿ ದಿನಕ್ಕೆರಡು ಸಂದೇಶ

ಸ್ಯಾಟಲೈಟ್ ಫೋನ್ ಇಲ್ಲದೆಯೇ ದಕ್ಷಿಣ ಆಸ್ಟ್ರೇಲಿಯಾದ ಒಣ ಬಯಲನ್ನು ಹಾಯುವ ಊಡ್ನಡಾಟಾ ಟ್ರ್ಯಾಕ್ ಎಂಬ ದಾರಿಗೆ ಹೊರಡುತ್ತೇನೆಂದಾಗ ಅಡಿಲೇಡಿನ ನಮ್ಮ ಗೆಳೆಯರ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಮೂರನೆಯ ಪ್ರಯಾಣವೂ ಮುಗಿದು, ಅಂದು ನಕ್ಕವರೇ ಈಗ ನನ್ನ ಸಾಮಾನಿನ ಪಟ್ಟಿಯನ್ನು ಕೇಳಿ ಪಡೆಯುತ್ತಿರುವುದರಿಂದ ಅನುಭವವನ್ನು ಬರೆದಿಡುತ್ತಿದ್ದೇನೆ.

ಮರೀಯಿಂದ ಮಾರ್ಲಾವರೆಗಿನ ಸುಮಾರು 620 ಕಿ.ಮೀ. ಮಣ್ಣುರಸ್ತೆಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮೊದಲ ಸಲ ಅಂಗಡಿಯವನ ಮಾತು ನಂಬಿ ಸಾವಿರದಿನ್ನೂರು ಡಾಲರಿನ ಬೂಸ್ಟರ್ ಹಾಕಿಸಿಕೊಂಡೆ. ಇಲ್ಲದ ಸಿಗ್ನಲ್ಲನ್ನು ಯಾವ ಬೂಸ್ಟರೂ ಹೆಚ್ಚಿಸಲಾರದೆಂಬುದನ್ನು ಅಷ್ಟು ದುಡ್ಡು ತೆತ್ತು ಕಲಿಯಬೇಕಾಯಿತು. ಅದನ್ನು ಅರ್ಧ ಬೆಲೆಗೆ ಮಾರಿ, ಯಾರೋ ಬಳಸಿದ್ದ, ಉಪಗ್ರಹದ ಮೂಲಕ ಚಿಕ್ಕ ಸಂದೇಶ ಕಳಿಸುವ ಮೆಸೆಂಜರ್ ಒಂದನ್ನು ಮುನ್ನೂರರ ಆಸುಪಾಸಿನಲ್ಲಿ ಕೊಂಡೆ. ಜೊತೆಗೆ 406 ಮೆಗಾಹರ್ಟ್ಸ್‌ನ ಪಿಎಲ್‌ಬಿ (ಗುಂಡಿ ಒತ್ತಿದರೆ ರಕ್ಷಣಾ ತಂಡಕ್ಕೆ ಸಂಕೇತ ಕಳಿಸುವ ಪುಟ್ಟ ಸಾಧನ) ಒಂದನ್ನು ಕೊಂಡು, ಅದನ್ನು ಆಸ್ಟ್ರೇಲಿಯಾದ ಕಡಲ ಸುರಕ್ಷತಾ ಪ್ರಾಧಿಕಾರವಾದ ಆಮ್ಸಾದಲ್ಲಿ ಶುಲ್ಕವಿಲ್ಲದೆ ನೋಂದಾಯಿಸಿದೆ. ಗಾಡಿಯಿಂದ ಗಾಡಿಗೆ ಮಾತಾಡುವ 5 ವ್ಯಾಟ್‌ನ ಯುಎಚ್‌ಎಫ್ ರೇಡಿಯೊ ಗಾಡಿಯಲ್ಲಿ ಮೊದಲೇ ಇತ್ತು.

ಆದರೆ ನನ್ನನ್ನು ಕಾಪಾಡಿದ್ದು ಮನೆಯ ಫ್ರಿಜ್ಜಿಗೆ ಅಂಟಿಸಿದ್ದ ಒಂದು ಹಾಳೆ. ಬೆಳಿಗ್ಗೆ ಏಳಕ್ಕೂ ಸಂಜೆ ಆರಕ್ಕೂ ನಾನಿರುವ ಜಾಗದೊಂದಿಗೆ ಸಂದೇಶ ಹೋಗಬೇಕು. ಎರಡು ಸಲ ತಪ್ಪಿದರೆ ಮಧ್ಯಾಹ್ನ ಹನ್ನೆರಡಕ್ಕೆ ಹೆಂಡತಿ ಪೊಲೀಸರಿಗೆ ಕರೆಮಾಡಿ, ಆ ಹಾಳೆಯಲ್ಲಿರುವ ಗಾಡಿಯ ಸಂಖ್ಯೆ, ಬಣ್ಣ, ದಾರಿ, ಜನರ ಸಂಖ್ಯೆ, ನೀರಿನ ಪ್ರಮಾಣ ಎಲ್ಲವನ್ನೂ ಓದಿ ಹೇಳಬೇಕು. ಗಾಡಿ ಕೆಟ್ಟರೂ ಅದನ್ನು ಬಿಟ್ಟು ನಡೆಯಕೂಡದೆಂಬುದು ಈ ಹಾಳೆಗೆ ನಾನು ಕೊಟ್ಟ ಮಾತು, ಏಕೆಂದರೆ ಬಯಲಿನಲ್ಲಿ ನಡೆಯುತ್ತಿರುವ ಮನುಷ್ಯನಿಗಿಂತ ನಿಂತ ಗಾಡಿಯೇ ವಿಮಾನದಿಂದ ಬೇಗ ಕಾಣುತ್ತದೆ.

ಎರಡನೆಯ ಪ್ರಯಾಣದಲ್ಲಿ ಈ ಏರ್ಪಾಡೂ ಕೈಕೊಡುವುದರಲ್ಲಿತ್ತು. ದಾರಿಯ ಪುಟ್ಟ ಊರಾದ ವಿಲಿಯಂ ಕ್ರೀಕ್ ದಾಟಿದ ಮೇಲೆ ಜಿಂಕ್ ಶೀಟಿನಂತೆ ಅಲೆಯಲೆಯಾದ ರಸ್ತೆಯಲ್ಲಿ ಗಾಡಿ ಅದುರಿ ಅದುರಿ ಮೆಸೆಂಜರನ್ನು ಚಾರ್ಜ್ ಮಾಡುವ 12 ವೋಲ್ಟ್ ಪ್ಲಗ್ ಸಡಿಲಗೊಂಡದ್ದು ನನ್ನ ಗಮನಕ್ಕೆ ಬರಲಿಲ್ಲ. ಸಂಜೆಗೆ ಮೆಸೆಂಜರ್ ಸತ್ತಿತ್ತು, ಚಾರ್ಜಿಂಗ್ ತಂತಿಯ ತುದಿಯೂ ಮುರಿದಿತ್ತು. ಪ್ರಾಣಾಪಾಯವಿಲ್ಲದೆ ಪಿಎಲ್‌ಬಿ ಒತ್ತುವಂತಿಲ್ಲ. ಮರುದಿನ ಬೆಳಿಗ್ಗೆ ರೇಡಿಯೊದ 40ನೆಯ ಚಾನೆಲ್ಲಿನಲ್ಲಿ ಎದುರಿನಿಂದ ಬರುತ್ತಿದ್ದ ಲಾರಿಯವನೊಬ್ಬ ಸಿಕ್ಕಿ, ವಿಲಿಯಂ ಕ್ರೀಕ್ ತಲುಪಿದ ಮೇಲೆ ನನ್ನ ಮನೆಗೆ ಸುದ್ದಿ ಮುಟ್ಟಿಸಿದ. ಆಗ ಸುಮಾರು ಹನ್ನೊಂದು ಗಂಟೆ. ಹೆಂಡತಿ ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಈಗ ಎರಡು ತಂತಿ, ಒಂದು ಬೇರೆ ಪವರ್ ಬ್ಯಾಂಕ್ ಇಟ್ಟುಕೊಂಡಿದ್ದೇನೆ. ಪ್ಲಗ್ ಅಲುಗದಂತೆ ಕೂರಿಸಿದ ಉಪಾಯವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕಾಗಿ ನಾಲ್ಕು ಭಾನುವಾರ ಕಳೆದಿದ್ದೇನೆ.

ನಡುವೆ ರೇಡಿಯೊ ಆಂಟೆನಾಗಳ ಪರೀಕ್ಷೆಯನ್ನೂ ಮಾಡಿದೆ. 1872ರಲ್ಲಿ ಡಾರ್ವಿನ್‌ವರೆಗೆ ಪೂರ್ಣಗೊಂಡ ಟೆಲಿಗ್ರಾಫ್ ತಂತಿಮಾರ್ಗದ ಹಾಳುಬಿದ್ದ ಠಾಣೆಯೊಂದು ಸ್ಟ್ರ್ಯಾಂಗ್‌ವೇಸ್ ಸ್ಪ್ರಿಂಗ್ಸ್‌ನಲ್ಲಿದೆ. ಅಲ್ಲಿ ನಿಂತು ಜೊತೆಗಾರನ ಗಾಡಿಯನ್ನು ಮುಂದೆ ಕಳಿಸಿ ಮಾತಾಡಿಸಿದಾಗ ಉದ್ದನೆಯ 6 ಡಿಬಿಯ (ಡಿಬಿ ಎಂದರೆ ಆಂಟೆನಾದ ಬಲದ ಅಳತೆ) ಆಂಟೆನಾ ಕಡ್ಡಿಯಲ್ಲಿ ಹದಿನೈದು ಕಿ.ಮೀ.ವರೆಗೂ ಧ್ವನಿ ಕೇಳಿತು. 3 ಡಿಬಿಯದು ಹತ್ತಕ್ಕೇ ಕರಕರ ಎಂದಿತು. ಮರುದಿನವೇ ಆ ಉದ್ದನೆಯದರ ಬುಡದ ಬ್ರಾಕೆಟ್ ಬಿರುಕುಬಿಟ್ಟಿತೆನ್ನಿ, ನೂರೈವತ್ತು ಡಾಲರ್ ಅಲ್ಲಿಗೆ ಹೋಯಿತು. ಗಿಡ್ಡನೆಯದನ್ನೇ ಮತ್ತೆ ಹಾಕಿಕೊಂಡಿದ್ದೇನೆ.

ನೀರನ್ನು ತಲೆಗೆ ದಿನಕ್ಕೆ ಹತ್ತು ಲೀಟರಿನಂತೆ ಒಯ್ಯುತ್ತೇನೆ. ಮೊದಲು ಅರವತ್ತು ಲೀಟರಿನ ಒಂದೇ ಟ್ಯಾಂಕ್ ಇಟ್ಟಿದ್ದೆ. ಬೋಲ್ಟಿಗೆ ಉಜ್ಜಿ ತೂತಾಗಿ ಅರ್ಧ ನೀರು ಸೋರಿಹೋಯಿತು. ಈಗ ಇಪ್ಪತ್ತು ಲೀಟರಿನ ಐದು ಕ್ಯಾನುಗಳಿವೆ. ಬೆಂಕಿ ಹಚ್ಚಲು ನಿಷೇಧವಿರುವ ದಿನಗಳಿಗೆಂದು ನೀರಲ್ಲಿ ನೆನೆಸಿದರೆ ಸಾಕಾಗುವ ಗಟ್ಟಿ ಅವಲಕ್ಕಿ ಎರಡು ಕಿಲೋ ಇರುತ್ತದೆ.

ಕಳೆದ ಸಲ ಊಡ್ನಡಾಟಾದಲ್ಲಿ ಮಳೆ ಬಿದ್ದು ರಸ್ತೆ ಮುಚ್ಚಿದರು. ಸಂಜೆ ಆರಕ್ಕೆ "ಕ್ಷೇಮ, ಎರಡು ದಿನ ತಡ" ಎಂದು ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಹಾಳೆಯಲ್ಲಿ ತಾರೀಖು ತಿದ್ದಿದ್ದೇನೆ. ಪ್ಲಗ್ ನೋಡಿಕೊಳ್ಳಿ."