ಪರಿಸರಗ್ರಾಮ: ಮೊದಲು ಸಭೆ, ಆಮೇಲೆ ಸಸಿ

ಪರಿಸರಕ್ಕೆ ಹೊರೆಯಾಗದಂತೆ ಕೂಡಿ ಬಾಳಲು ಜನರೇ ಕಟ್ಟಿಕೊಳ್ಳುವ ಊರು ಪರಿಸರಗ್ರಾಮ. ಅದಕ್ಕೆ ಸೇರುವವರಲ್ಲಿ ಹೆಚ್ಚಿನವರು ಗೊಬ್ಬರದ ಗುಂಡಿ, ಇಂಗುಗುಂಡಿ, ಸೌರಫಲಕಗಳ ಬಗ್ಗೆ ಚೆನ್ನಾಗಿ ಓದಿಕೊಂಡೇ ಬಂದಿರುತ್ತಾರೆ. ಮುಸುರೆ ಪಾತ್ರೆ ಯಾರು ಯಾವಾಗ ತೊಳೆಯಬೇಕು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿರುವುದಿಲ್ಲ. ಎರಡನೇ ವರ್ಷದ ಹೊತ್ತಿಗೆ ತೋಟ ಚಿಗುರಿರುತ್ತದೆ, ಅಡುಗೆಮನೆಯಲ್ಲಿ ಮಾತು ನಿಂತಿರುತ್ತದೆ.

ಪ್ರಕೃತಿಯ ನಡೆಯನ್ನು ನೋಡಿ ತೋಟ, ಮನೆ, ಊರನ್ನು ರೂಪಿಸುವ ಕ್ರಮಕ್ಕೆ ಪರ್ಮಾಕಲ್ಚರ್ ಎಂಬ ಹೆಸರನ್ನು 1970ರ ದಶಕದಲ್ಲಿ ಚಾಲ್ತಿಗೆ ತಂದವರು ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್. ಭೂಮಿಯ ಆರೈಕೆ, ಜನರ ಆರೈಕೆ, ಮಿಕ್ಕಿದ್ದರಲ್ಲಿ ನ್ಯಾಯವಾದ ಹಂಚಿಕೆ ಎಂಬ ಮೂರು ನೀತಿಗಳ ಮೇಲೆ ಅದು ನಿಂತಿದೆ. ನಡುವಿನ ನೀತಿಯನ್ನು ದಿನಬಳಕೆಗೆ ಇಳಿಸುವ ಕಸುಬೇ ಸಾಮಾಜಿಕ ಪರ್ಮಾಕಲ್ಚರ್. ನೀರು ಹರಿಯುವ ದಾರಿ ನೋಡದೆ ಬದು ಹಾಕಿದರೆ ಮೊದಲ ಜೋರು ಮಳೆಗೇ ಕೊಚ್ಚಿಹೋಗುತ್ತದೆ. ಮಾತು, ಕೆಲಸ, ಮುನಿಸು ಹರಿಯುವ ದಾರಿಯನ್ನೂ ಹಾಗೆಯೇ ಮೊದಲು ನೋಡಬೇಕು, ಆಮೇಲೆ ಅಗೆಯಬೇಕು.

ಎಷ್ಟು ಜನ, ಏತಕ್ಕೆ?

ಪರಿಸರಗ್ರಾಮಕ್ಕೆ 1991ರಲ್ಲಿ ವ್ಯಾಖ್ಯೆ ಕೊಟ್ಟ ರಾಬರ್ಟ್ ಗಿಲ್ಮನ್, ಜನರು ಒಬ್ಬರನ್ನೊಬ್ಬರು ಅರಿತಿರಬಲ್ಲ ಅಳತೆಯ ಊರಿಗೆ 500 ಜನರನ್ನು ಮೇಲ್ಮಿತಿಯಾಗಿ ಸೂಚಿಸಿದರು. ಅದು ತುಂಬಿದ ಊರಿನ ಮಾತು. ಶುರುಮಾಡಲು 8ರಿಂದ 15 ವಯಸ್ಕರು ಸಾಕು. ಐದೇ ಜನರಿದ್ದಲ್ಲಿ ಒಬ್ಬರು ಹೊರಟರೂ ಕೆಲಸದ ಐದನೇ ಒಂದು ಪಾಲು ಹೋಗುತ್ತದೆ. 20 ದಾಟಿದರೆ ಪದ್ಧತಿಯಿಲ್ಲದ ಸಭೆ ಸಂತೆಯಾಗುತ್ತದೆ.

ನೆಲ ನೋಡುವ ಮೊದಲೇ ಉದ್ದೇಶವನ್ನು ಬರೆಯಿರಿ. ಪ್ರತಿಯೊಬ್ಬರೂ 15 ನಿಮಿಷ ಮೌನವಾಗಿ ತಮ್ಮ ಪಾಡಿಗೆ ಬರೆದು, ಸರದಿಯಲ್ಲಿ ಓದಿ, ನಂತರ ನಾಲ್ಕು ವಾಕ್ಯಕ್ಕೆ ಇಳಿಸಬೇಕು. ಬರೆದದ್ದು ಸರಿಯಿದೆಯೇ ಎಂದು ನೋಡಲು ಒಂದೇ ಪರೀಕ್ಷೆ: ಆ ನಾಲ್ಕು ವಾಕ್ಯಗಳನ್ನು ತೋರಿಸಿ ಯಾವುದಾದರೂ ಒಳ್ಳೆಯ ಯೋಜನೆಗೆ 'ಬೇಡ' ಎನ್ನಲು ಆಗುತ್ತದೆಯೇ? 'ಪ್ರಕೃತಿಯೊಡನೆ ಸಾಮರಸ್ಯದ ಬದುಕು' ಎಂದು ಬರೆದರೆ ಯಾವುದಕ್ಕೂ ಬೇಡ ಎನ್ನಲಾಗದು. ಒಬ್ಬರು ಅದರಲ್ಲಿ ಬೇಸಾಯ ಓದುತ್ತಾರೆ, ಇನ್ನೊಬ್ಬರು ಮೌನಧ್ಯಾನ, ಮತ್ತೊಬ್ಬರು ಅತಿಥಿಗೃಹದ ಆದಾಯ. ಮೂವರೂ ಪ್ರಾಮಾಣಿಕರೇ, ಮೂವರ ನಡುವೆಯೂ ಜಗಳ ಖಚಿತ. ಹೀಗೆ ಅಡಿಪಾಯದಲ್ಲೇ ಸೇರಿಕೊಂಡ ಜಗಳವನ್ನು ಇಂಥ ಸಮುದಾಯಗಳ ಬಗ್ಗೆ ಬರೆಯುವ ಅಮೆರಿಕದ ಲೇಖಕಿ ಡಯಾನಾ ಲೀಫ್ ಕ್ರಿಶ್ಚಿಯನ್ 'ರಚನೆಯೊಳಗಿನ ಸಂಘರ್ಷ' ಎಂದು ಗುರುತಿಸಿದ್ದಾರೆ. ಅದಕ್ಕೆ ಸ್ವಭಾವಗಳನ್ನು ದೂರಿ ಫಲವಿಲ್ಲ.

ನಾಲ್ಕು ವಾರ ನೋಡುವುದು

ಜಾಗದ ನಕ್ಷೆಯೊಂದನ್ನು ಗೋಡೆಗೆ ಹಚ್ಚಿ. ಇಬ್ಬರು ನಿಂತು ಮಾತಾಡಿದ ಕಡೆಯೆಲ್ಲ ಒಂದು ಚುಕ್ಕೆ ಇಡಿ. ಒಂದೇ ವಾರದಲ್ಲಿ ಚುಕ್ಕೆಗಳು ಎರಡು ಮೂರು ಕಡೆ ಗುಂಪುಗೂಡುತ್ತವೆ: ನಲ್ಲಿಯ ಬಳಿ, ಬಟ್ಟೆ ಒಣಗಿಸುವ ತಂತಿಯ ಬಳಿ. ಬೆಂಚು, ಸೂಚನಾ ಫಲಕ, ನೆರಳು ಎಲ್ಲವೂ ಅಲ್ಲೇ ಬರಬೇಕು. ಕಾಲುದಾರಿಗೆ ತಕ್ಷಣ ಕಲ್ಲು ಹಾಸಬೇಡಿ. ಹುಲ್ಲು ಎಲ್ಲಿ ಸವೆಯುತ್ತದೋ ಅದೇ ದಾರಿ. ಡೆನ್ಮಾರ್ಕಿನ ಸಹವಸತಿಗಳಲ್ಲಿ, ಅಂದರೆ ಮನೆಗಳು ಬೇರೆ ಬೇರೆ ಇದ್ದರೂ ಕೂಡಿ ಬಾಳುವ ನೆರೆಹೊರೆಗಳಲ್ಲಿ, ವಾಹನಗಳನ್ನು ಅಂಚಿನಲ್ಲೇ ನಿಲ್ಲಿಸಿ, ಮನೆಗೆ ಹೋಗುವ ಹಾದಿಯಲ್ಲಿ ಎಲ್ಲರೂ ಬಳಸುವ ಸಾಮಾನ್ಯಗೃಹ ಸಿಗುವಂತೆ ಕಟ್ಟುವುದು ಇದೇ ಲೆಕ್ಕಾಚಾರದಿಂದ.

ತೋಟಕ್ಕೆ ಗಾಳಿ, ಬಿಸಿಲು, ಬೆಂಕಿ ಯಾವ ದಿಕ್ಕಿನಿಂದ ಬರುತ್ತದೆಂದು ಗುರುತಿಸುವಂತೆ, ಹೊರಗಿನಿಂದ ಗುಂಪಿಗೆ ಬಡಿಯುವುದನ್ನೂ ಬರೆದಿಡಿ. ಮಕ್ಕಳ ಶಾಲೆಯ ವೇಳೆ, ಹೊರಗಿನ ಉದ್ಯೋಗ, ಅತಿಥಿಗಳ ಹಂಗಾಮು, ಮುದಿ ತಂದೆತಾಯಿಯರ ಆರೈಕೆ ಹೀಗೆ. ಸಭೆಯ ಹೊತ್ತು ನಿರ್ಧಾರವಾಗುವುದು ಈ ಹಾಳೆಯಿಂದ.

ಸಭೆ ನಡೆಸುವ ಕ್ರಮ

ಬಹುಮತದಲ್ಲಿ ಸೋತವರು ಸುಮ್ಮನಾಗುವುದಿಲ್ಲ, ಕೆಲಸಕ್ಕೆ ಬರುವುದನ್ನು ನಿಲ್ಲಿಸುತ್ತಾರೆ. ಸರ್ವಾನುಮತಕ್ಕೆ ಕಾದರೆ ಹಟವಾದಿಯೊಬ್ಬರೇ ಸಾಕು, ಬಂಡಿ ಕದಲದು. ಇವೆರಡರ ನಡುವಿನ ದಾರಿ ಸಮ್ಮತಿ ಪದ್ಧತಿ. ನೆದರ್ಲೆಂಡ್ಸ್‌ನ ಕೀಸ್ ಬೂಕೆ 1926ರಲ್ಲಿ ಶುರುವಾದ ತಮ್ಮ ಶಾಲೆಯಲ್ಲಿ ಇದರ ಬೀಜ ಹಾಕಿದರು. ಅಲ್ಲೇ ಓದಿದ ಎಂಜಿನಿಯರ್ ಗೆರಾರ್ಡ್ ಎಂಡೆನ್‌ಬರ್ಗ್ ಅದನ್ನು ತಮ್ಮ ವಿದ್ಯುತ್ ಎಂಜಿನಿಯರಿಂಗ್ ಕಂಪನಿಗೆ ಒಗ್ಗಿಸಿದರು. ಸೋಶಿಯೋಕ್ರಸಿ ಎಂಬ ಹೆಸರಿನಲ್ಲಿ ಅನೇಕ ಪರಿಸರಗ್ರಾಮಗಳು ಇಂದು ಬಳಸುವುದು ಇದನ್ನೇ. ಇಲ್ಲಿ ಕೇಳುವ ಪ್ರಶ್ನೆ 'ನಿಮಗೆ ಇಷ್ಟವೇ?' ಎಂದಲ್ಲ, 'ಸದ್ಯಕ್ಕೆ ಇದನ್ನು ಮಾಡಿನೋಡಿದರೆ ಹಾನಿಯಿದೆಯೇ?' ಎಂದು.

ಸಭೆಗೆ ಮೂವರು ಬೇಕು: ನಡೆಸುವವರು, ಬರೆದುಕೊಳ್ಳುವವರು, ಗಡಿಯಾರ ನೋಡುವವರು. ಒಟ್ಟು 90 ನಿಮಿಷ ಮೀರಬಾರದು. ಎಲ್ಲರೂ ಸುತ್ತಲೂ ಕೂರಬೇಕು, ಮಾತು ಸರದಿಯಲ್ಲೇ ಬರಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಮೊದಲ ಸುತ್ತು ಪ್ರತಿಯೊಬ್ಬರ ಅಂದಿನ ಮನಃಸ್ಥಿತಿಗೆ, ತಲಾ ಅರ್ಧ ನಿಮಿಷ. ಇದನ್ನು ಕಾಲಹರಣ ಎಂದು ಬಿಟ್ಟುಬಿಡುವವರೇ ಹೆಚ್ಚು. ಮಗುವಿಗೆ ಜ್ವರ ಎಂದು ರಾತ್ರಿಯಿಡೀ ಎದ್ದಿದ್ದವರ ಸಿಡುಕು ಯೋಜನೆಯ ಮೇಲಿನ ಸಿಟ್ಟಾಗಿ ಕಾಣುವುದು ಹಾಗೆ ಬಿಟ್ಟಾಗಲೇ.

ಒಂದು ಪ್ರಸ್ತಾವ ಹೇಗೆ ಸಾಗುತ್ತದೆ ನೋಡಿ. 'ಮರಗೆಲಸದ ಕೊಟ್ಟಿಗೆಯ ಯಂತ್ರಗಳು ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ನಡೆಯಬಹುದು' ಎಂಬ ಹಾಳೆ ಎರಡು ದಿನ ಮೊದಲೇ ಫಲಕದಲ್ಲಿ ಇರುತ್ತದೆ. ಸಭೆಯಲ್ಲಿ ಓದಿದ ಮೇಲೆ ಪ್ರಶ್ನೆಗಳ ಸುತ್ತು: 'ಗರಗಸ ಮಾತ್ರವೋ, ಸುತ್ತಿಗೆಯೂ ಸೇರಿತೋ?' ಇಲ್ಲಿ ಅಭಿಪ್ರಾಯಕ್ಕೆ ಅವಕಾಶವಿಲ್ಲ. 'ಇದು ಅತಿಯಾಯಿತು ಅನ್ನಿಸುವುದಿಲ್ಲವೇ?' ಎಂಬುದು ಪ್ರಶ್ನೆಯ ವೇಷದ ಅಭಿಪ್ರಾಯ. ನಡೆಸುವವರು ನಗುತ್ತಲೇ ತಡೆಯಬೇಕು. ಬಳಿಕ ಪ್ರತಿಕ್ರಿಯೆಯ ಸುತ್ತು, ತಲಾ ಒಂದು ನಿಮಿಷ. ಆಮೇಲೆ ಸಮ್ಮತಿಯ ಸುತ್ತು: ಪ್ರತಿಯೊಬ್ಬರೂ 'ಸಮ್ಮತಿ' ಅಥವಾ 'ಆಕ್ಷೇಪ' ಎಂದಷ್ಟೇ ಹೇಳುತ್ತಾರೆ. 'ಯಂತ್ರದ ಸದ್ದು ನನಗೆ ಹಿಡಿಸದು' ಎಂಬುದು ಆಕ್ಷೇಪವಲ್ಲ, ಒಲವು. 'ನಾನು ರಾತ್ರಿಪಾಳಿ ಮುಗಿಸಿ ಬಂದು 11ರವರೆಗೆ ಮಲಗುತ್ತೇನೆ, ಗೋಡೆ ಅಂಟಿಕೊಂಡಿದೆ' ಎಂಬುದು ಆಕ್ಷೇಪ. ಆಕ್ಷೇಪ ಎತ್ತಿದವರನ್ನು ಸೋಲಿಸುವ ಗೋಜಿಗೆ ಹೋಗದೆ, ಪ್ರಸ್ತಾವವನ್ನೇ ತಿದ್ದಬೇಕು: 11ರವರೆಗೆ ಕೈಸಲಕರಣೆ ಮಾತ್ರ, ಆರು ವಾರದ ಬಳಿಕ ಮರುಪರಿಶೀಲನೆ. ಇನ್ನೊಂದು ಸುತ್ತು, ಮುಗಿಯಿತು. ಇಡೀ ವ್ಯವಹಾರಕ್ಕೆ 14 ಜನರಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ.

ಮರುಪರಿಶೀಲನೆಯ ದಿನಾಂಕವನ್ನು ನಿರ್ಣಯದ ಜೊತೆಯಲ್ಲೇ ಬರೆಯಬೇಕು. ದಿನಾಂಕವಿದ್ದರೆ ಅಂಜುವವರೂ ಒಪ್ಪುತ್ತಾರೆ, ಏಕೆಂದರೆ ತಪ್ಪಿದರೆ ತಿದ್ದಬಹುದು. ದಿನಾಂಕ ಬಂದಾಗ ಯಾರೂ ನೆನಪಿಸದಿದ್ದರೆ ಮುಂದಿನ ಸಲ ಯಾರೂ ನಂಬುವುದಿಲ್ಲ. ಇನ್ನು, ಪ್ರತಿ ಚಿಕ್ಕ ವಿಷಯವನ್ನೂ ಇಡೀ ಗುಂಪಿಗೆ ತರಬೇಡಿ. ತೋಟ, ಅಡುಗೆ, ಹಣಕಾಸು, ಅತಿಥಿ ಎಂದು 4-6 ಜನರ ಚಿಕ್ಕ ಗುಂಪುಗಳು, ಅಂದರೆ ವೃತ್ತಗಳಿದ್ದು, ಪ್ರತಿ ವೃತ್ತದಿಂದ ಇಬ್ಬರು ಅವೆಲ್ಲವನ್ನೂ ಜೋಡಿಸುವ ಮೇಲಿನ ವೃತ್ತದಲ್ಲಿ ಕೂರಲಿ. ಒಬ್ಬರೇ ಇದ್ದರೆ ಮೇಲಿನ ಮಾತು ಕೆಳಗೂ ಕೆಳಗಿನ ಮಾತು ಮೇಲೂ ಅವರ ಬಾಯಲ್ಲಿ ಬಣ್ಣ ಬದಲಿಸುತ್ತದೆ.

ಪಾಳಿ ಮತ್ತು ಮುಸುರೆ

ಅಮೆರಿಕದ ವರ್ಜೀನಿಯಾದಲ್ಲಿ 1967ರಲ್ಲಿ ಶುರುವಾದ ಟ್ವಿನ್ ಓಕ್ಸ್ ಎಂಬ ಕೂಡುಬಾಳಿನ ಸಮುದಾಯದಲ್ಲಿ ಪ್ರತಿ ಸದಸ್ಯರಿಗೂ ವಾರಕ್ಕೆ ಸುಮಾರು 40 ಗಂಟೆಗಳ ಕೆಲಸದ ಕೋಟಾ ಇದೆ. ಅಡುಗೆ, ಮಕ್ಕಳ ಪಾಲನೆ ಕೂಡ ಆ ಲೆಕ್ಕಕ್ಕೇ ಸೇರುತ್ತವೆ. ಅಷ್ಟು ಪೂರ್ಣ ಲೆಕ್ಕ ಎಲ್ಲರಿಗೂ ಬೇಕಿಲ್ಲ, ಆದರೆ ಆ ಕೊನೆಯ ಅಂಶ ಬೇಕೇ ಬೇಕು. ಗುದ್ದಲಿ ಹಿಡಿದದ್ದು ಕೆಲಸ, ತೊಟ್ಟಿಲು ತೂಗಿದ್ದು ಪುರುಸೊತ್ತು ಎಂದು ಎಣಿಸುವ ಕಡೆ ಹೆಂಗಸರು ಮೊದಲು ಬೇಸತ್ತು ಹೊರಡುತ್ತಾರೆ.

30 ಜನರ ಒಂದು ಊಟಕ್ಕೆ ಅಡುಗೆಗೆ ಇಬ್ಬರು, ಹೆಚ್ಚಲು ಒಬ್ಬರು, ಮೂರು ಗಂಟೆ. ತೊಳೆಯಲು ಬೇರೆ ಇಬ್ಬರು, ಒಂದೂವರೆ ಗಂಟೆ. ಬೇಯಿಸಿದವರೇ ತೊಳೆಯುವ ಏರ್ಪಾಡು ಒಂದು ತಿಂಗಳು ಬಾಳುವುದಿಲ್ಲ. 'ಅವರವರ ತಟ್ಟೆ ಅವರವರೇ ತೊಳೆಯಲಿ' ಎಂಬ ನಿಯಮ ಎಲ್ಲ ಕಡೆ ಇರುತ್ತದೆ. ಕೊಪ್ಪರಿಗೆ, ಸೌಟು, ಒಲೆಕಟ್ಟೆ, ನೆಲ ಒರೆಸುವ ಬಟ್ಟೆ ಯಾರದು? ಜಗಳ ಹುಟ್ಟುವುದು ಅಲ್ಲಿ. ಪಾಳಿಯ ಹಾಳೆಯಲ್ಲಿ 'ಸ್ವಚ್ಛತೆ' ಎಂದು ಬರೆಯದೆ, ಕೊನೆಯದಾಗಿ ಏನು ಮಾಡಿದರೆ ಪಾಳಿ ಮುಗಿಯಿತು ಎಂಬುದನ್ನು ಬರೆಯಿರಿ: ತೊಟ್ಟಿಯ ಜಾಲರಿ ಖಾಲಿ, ಒರೆಸುವ ಬಟ್ಟೆ ಹಿಂಡಿ ತಂತಿಯ ಮೇಲೆ.

ಕೂಡಿ ಒಲೆ ಕಟ್ಟುವುದು

ಸಭೆಯಲ್ಲಿ ಮಾತ್ರ ಭೇಟಿಯಾಗುವವರು ಒಬ್ಬರನ್ನೊಬ್ಬರು ಅಭಿಪ್ರಾಯಗಳಾಗಿಯೇ ನೋಡುತ್ತಾರೆ. ಕೈಗೆ ಮಣ್ಣು ಹತ್ತಬೇಕು, ಬಾಯಿಗೆ ಹಾಡು ಬರಬೇಕು. ವಾರಕ್ಕೊಂದು ಸಂಜೆ, 75 ನಿಮಿಷ, ಹಾಡು ಅಥವಾ ಕತೆ. ಒಬ್ಬರು ಹೇಳಿಕೊಟ್ಟ ಎರಡು ಸಾಲನ್ನು ಉಳಿದವರು ಹೇಳುವಂಥ ಹಾಡೇ ಸರಿ. ಚೆನ್ನಾಗಿ ಹಾಡುವವರು ವೇದಿಕೆ ಹಿಡಿದ ದಿನ ಉಳಿದವರು ಪ್ರೇಕ್ಷಕರಾಗುತ್ತಾರೆ, ಮರುವಾರ ಬರುವುದಿಲ್ಲ.

ಹೊಸ ಗುಂಪಿಗೆ ಹೇಳಿಮಾಡಿಸಿದ ಮೊದಲ ಕೆಲಸ ಮಣ್ಣಿನ ಗುಮ್ಮಟದೊಲೆ. 10-12 ಜನ, ಒಂದು ದಿನ, ಎಲ್ಲ ವಯಸ್ಸಿನವರಿಗೂ ಕೆಲಸ. ಸೊಂಟದೆತ್ತರದ ಕಟ್ಟೆಯ ಮೇಲೆ ಇಟ್ಟಿಗೆ ಹಾಸಿ, 60 ಸೆಂ.ಮೀ. ವ್ಯಾಸದ ವೃತ್ತ ಎಳೆದು, ಒದ್ದೆ ಮರಳನ್ನು 40 ಸೆಂ.ಮೀ. ಎತ್ತರದ ಗುಮ್ಮಟವಾಗಿ ತಟ್ಟಿ. ಮೇಲೆ ನೆನೆಸಿದ ಪತ್ರಿಕೆ ಹೊದಿಸಿ. ಮರಳು ತೆಗೆಯುವಾಗ ಎಲ್ಲಿ ನಿಲ್ಲಿಸಬೇಕೆಂದು ಅದು ತೋರಿಸುತ್ತದೆ. ಟಾರ್ಪಾಲಿನ ಮೇಲೆ ಒಂದು ಪಾಲು ಜೇಡಿಮಣ್ಣಿಗೆ ಎರಡರಿಂದ ಮೂರು ಪಾಲು ಮರಳು ಸುರಿದು, ಸ್ವಲ್ಪವೇ ನೀರು ಚಿಮುಕಿಸಿ, ಕಾಲಲ್ಲಿ ತುಳಿಯಿರಿ. ಮಕ್ಕಳನ್ನು ಇಲ್ಲಿಗೇ ಬಿಡಿ. ಹದ ನೋಡಲು ಮುಷ್ಟಿ ಗಾತ್ರದ ಉಂಡೆಯನ್ನು ಎದೆಯೆತ್ತರದಿಂದ ಬೀಳಿಸಿ: ಚೂರಾದರೆ ಜೇಡಿ ಅಥವಾ ನೀರು ಕಡಿಮೆ, ಸಗಣಿಯಂತೆ ಹರಡಿದರೆ ನೀರು ಹೆಚ್ಚು, ತುಸು ಚಪ್ಪಟೆಯಾಗಿ ನಿಂತರೆ ಹದ. ಜೇಡಿ ಮಿತಿಮೀರಿದರೆ ಒಣಗುವಾಗ ಅಗಲ ಬಿರುಕು ಬಿಡುತ್ತದೆ.

ಗುಮ್ಮಟದ ಸುತ್ತ ಬುಡದಿಂದ ಮೇಲಕ್ಕೆ, 8ರಿಂದ 10 ಸೆಂ.ಮೀ. ದಪ್ಪಕ್ಕೆ ಉಂಡೆಗಳನ್ನು ಇಡುತ್ತಾ ಬನ್ನಿ. ಮಣ್ಣನ್ನು ಪಕ್ಕದ ಮಣ್ಣಿಗೆ ಒತ್ತಬೇಕು, ಒಳಗಿನ ಮರಳಿನ ಕಡೆಗಲ್ಲ. ಒಳಕ್ಕೆ ಒತ್ತಿದರೆ ಗುಮ್ಮಟ ಸೊಟ್ಟಗಾಗುತ್ತದೆ. ಅರ್ಧ ಕಟ್ಟಿ ಊಟಕ್ಕೆ ಹೋಗಿ ಸಂಜೆ ಬಂದರೆ ಬೆಸುಗೆಯಲ್ಲೇ ಸೀಳುತ್ತದೆ, ಹಾಗಾಗಿ ಊಟ ಸರದಿಯಲ್ಲಿ. ಬಾಗಿಲಿನ ಎತ್ತರ ಒಳಗುಮ್ಮಟದ ಎತ್ತರದ ಶೇ 63ರಷ್ಟು, ಅಂದರೆ ಇಲ್ಲಿ 25 ಸೆಂ.ಮೀ. ಅದಕ್ಕಿಂತ ಎತ್ತರಿಸಿದರೆ ಬಿಸಿ ಹೊರಗೆ ಓಡುತ್ತದೆ, ತಗ್ಗಿಸಿದರೆ ಗಾಳಿಯಾಡದೆ ಹೊಗೆ ಸುತ್ತುತ್ತದೆ. ಮಣ್ಣು ಬೆರಳಿಗೆ ಬಗ್ಗದಷ್ಟು ಬಿಗಿಯಾದ ಮೇಲೆ ಬಾಗಿಲು ಕೊರೆದು ಮರಳು ತೋಡಿ. ನಂತರದ ದಿನಗಳಲ್ಲಿ ಚಿಕ್ಕ ಚಿಕ್ಕ ಬೆಂಕಿ ಮಾತ್ರ.

ಅಂದು ಗಮನಿಸಬೇಕಾದ್ದು ಒಲೆಯನ್ನಷ್ಟೇ ಅಲ್ಲ. ಯಾರು ಹೇಳದೆಯೇ ನೀರು ತಂದರು, ಯಾರು ಬರೀ ಆಜ್ಞೆ ಮಾಡಿದರು, ಯಾರನ್ನು ಯಾರೂ ಕರೆಯಲಿಲ್ಲ? ಗುಂಪಿನ ನಕ್ಷೆ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಮುನಿಸಿನ ಮೆಟ್ಟಿಲುಗಳು

ಜಗಳ ಬಂದಾಗ ಏನು ಮಾಡುವುದೆಂದು ಜಗಳವಿಲ್ಲದಾಗ ನಿರ್ಧರಿಸಿ. ಮೊದಲ ಮೆಟ್ಟಿಲು, ಮೂರು ದಿನದೊಳಗೆ ಇಬ್ಬರೇ ಎದುರುಬದುರು. ಆಗದಿದ್ದರೆ ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವರು ನಡುವೆ ಕೂತು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಲ್ಲಿ ಹೇಳುವಂತೆ ಮಾಡಲಿ. ಹೇಳಿದವರು 'ಹೌದು, ಅದೇ' ಎನ್ನುವವರೆಗೆ ಉತ್ತರ ಕೊಡುವಂತಿಲ್ಲ. ಬ್ರೆಜಿಲ್‌ನಲ್ಲಿ ಡೊಮಿನಿಕ್ ಬಾರ್ಟರ್ ರೂಪಿಸಿದ, ಜಗಳವಾಡಿದವರನ್ನು ಕೂಡಿಸಿ ಸಂಬಂಧ ಸರಿಪಡಿಸುವ ಪುನಃಸ್ಥಾಪನಾ ವೃತ್ತಗಳ ಜೀವಾಳವೂ ಇಂಥ ಮರುನುಡಿಯೇ. ಮೂರನೆಯ ಮೆಟ್ಟಿಲು, ಇಡೀ ಗುಂಪು ವೃತ್ತವಾಗಿ ಕೂರುವುದು. ಮೊಬೈಲ್ ಗುಂಪಿನಲ್ಲಿ ಮಾಹಿತಿ ಮಾತ್ರ, ವಾದ ಬೇಡ: 'ನೀರಿನ ಪಂಪ್ ಕೆಟ್ಟಿದೆ' ಸರಿ, 'ಮತ್ತೆ ಪಂಪ್ ಕೆಡಿಸಿದ್ದಾರೆ' ಸಲ್ಲದು.

ಸೇರುವುದು, ಹೊರಡುವುದು

ಹೊಸಬರಿಗೆ ಆರು ತಿಂಗಳಿಂದ ಒಂದು ವರ್ಷದ ಪರೀಕ್ಷಾ ಅವಧಿ ಇರಲಿ. ಮಳೆ, ಬಿಸಿಲು, ಕೆಲಸದ ಒತ್ತಡದ ಹಂಗಾಮು ಅದರೊಳಗೆ ಬರಲಿ. ಕೊನೆಯಲ್ಲಿ ಒಪ್ಪಿಗೆ ಎರಡೂ ಕಡೆಯಿಂದ ಬೇಕು. ಹೊರಡುವವರ ಪಾಲಿನ ಹಣ ಎಷ್ಟು, ಯಾರು ಲೆಕ್ಕ ಹಾಕುತ್ತಾರೆ, ಎಷ್ಟು ಕಂತಿನಲ್ಲಿ ಎಂಬುದನ್ನು ಯಾರೂ ಹೊರಡುವ ಯೋಚನೆಯಲ್ಲಿಲ್ಲದಾಗಲೇ ಬರೆದು ಎಲ್ಲರೂ ಸಹಿ ಹಾಕಿರಬೇಕು. ಹಣವೆಲ್ಲ ನೆಲದಲ್ಲಿ, ಗೋಡೆಯಲ್ಲಿ ಹೂತಿರುತ್ತದೆ. ಒಂದೇ ಗಂಟಿನಲ್ಲಿ ಕೊಡುತ್ತೇವೆಂದು ಬರೆದಿಟ್ಟ ಗುಂಪು, ಇಬ್ಬರು ಒಟ್ಟಿಗೆ ಹೊರಟ ವರ್ಷ ನೆಲವನ್ನೇ ಮಾರಬೇಕಾಗುತ್ತದೆ.